ಕುಂಡದಲ್ಲಿ ಬಿಟ್ಟ ಕೆಂಪು ಹಣ್ಣು ತಿನ್ನುವಂಥದ್ದಾ, ಬರೀ ಅಂದಕ್ಕಾ? ಗುರುತು ಹಿಡಿಯುವುದು ಹೇಗೆ?

ಅಂಗಳದಮಲ್ಲಿ

ಎಲ್ಲರಿಗೂ ನಮಸ್ಕಾರ. ಮನೆಗೆ ಉಡುಗೊರೆಯಾಗಿ ಒಂದು ಕುಂಡ ಬಂದಿದೆ. ಮೊಣಕಾಲೆತ್ತರದ ಗಿಡ, ಮೈತುಂಬಾ ಕೆಂಪು, ಕಿತ್ತಳೆ ಬಣ್ಣದ ದುಂಡು ಹಣ್ಣು. ಸಿಕ್ಕಿಸಿದ್ದ ಚೀಟಿಯಲ್ಲಿ ಬರೀ ‘ಚೆರ್ರಿ’ ಅಂತ ಇದೆ. ನೋಡಲು ಥೇಟ್ ಚೆರ್ರಿ ಟೊಮೆಟೊ. ಫೋನಿನ ಆ್ಯಪ್‌ಗೆ ಹಣ್ಣಿನ ಫೋಟೊ ಕೊಟ್ಟರೆ ಒಮ್ಮೆ ಟೊಮೆಟೊ ಅನ್ನುತ್ತದೆ, ಇನ್ನೊಮ್ಮೆ ಮೆಣಸಿನಕಾಯಿ ಅನ್ನುತ್ತದೆ.

ಇನ್ನೊಂದು ವಿಷಯ. ಪಕ್ಕದ ಕುಂಡದಲ್ಲಿ ತಾನಾಗಿ ಹುಟ್ಟಿದ ಗಿಡವೊಂದರಲ್ಲಿ ಸಣ್ಣ ಕಪ್ಪು ಹಣ್ಣು ಬಿಟ್ಟಿದೆ. ಮನೆಯಲ್ಲಿ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ವಯಸ್ಸಿನ ಮಗು ಇದೆ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ತೆಗೆಯಲಿ?

ತೊಟ್ಟುನೋಡಿ

ಮೊದಲು ಎರಡೂ ಕುಂಡಗಳನ್ನು ಮಗುವಿನ ಕೈಗೆ ಸಿಗದ ಕಡೆ ಎತ್ತಿಡಿ. ಗುರುತು ಹಿಡಿಯುವ ಕೆಲಸ ಆಮೇಲೆ ನಿಧಾನವಾಗಿ ಮಾಡೋಣ.

ನೀವು ಹೇಳಿದ್ದು ನೋಡಿದರೆ ಕೆಂಪು ಹಣ್ಣಿನದು ಜೆರುಸಲೆಮ್ ಚೆರ್ರಿ ಇರಬಹುದು. ಸಸ್ಯಶಾಸ್ತ್ರದ ಹೆಸರು ಸೊಲಾನಮ್ ಸೂಡೊಕ್ಯಾಪ್ಸಿಕಮ್. ನಿಜವಾದ ಚೆರ್ರಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಟೊಮೆಟೊ, ಬದನೆ, ಆಲೂಗಡ್ಡೆ ಕುಟುಂಬದ ಗಿಡ. ಹಣ್ಣು ವಾರಗಟ್ಟಲೆ ಉದುರದೆ ನಿಲ್ಲುತ್ತದೆ, ಅದಕ್ಕೇ ಅಂದಕ್ಕೆ ಬೆಳೆಸುತ್ತಾರೆ. ಅದರಲ್ಲಿ ಸೊಲನೊಕ್ಯಾಪ್ಸಿನ್ ಎಂಬ ವಿಷ ಇದೆ. ತಿಂದರೆ ಹೊಟ್ಟೆನೋವು, ವಾಂತಿ ಬರಬಹುದು.

ಆದರೆ ಹಣ್ಣನ್ನು ನೋಡಿ ತೀರ್ಮಾನ ಮಾಡಬೇಡಿ. ಹಣ್ಣಿನ ಬಣ್ಣ, ಗಾತ್ರ, ಹೊಳಪು, ಇವು ನೂರಾರು ಗಿಡಗಳಲ್ಲಿ ಒಂದೇ ಥರ ಇರುತ್ತವೆ. ಗಿಡದ ಉಳಿದ ಭಾಗ ಅಷ್ಟು ಸುಲಭಕ್ಕೆ ಮೋಸ ಮಾಡುವುದಿಲ್ಲ. ಇವುಗಳನ್ನು ನೋಡಿ ಹೇಳಿ: ಎಲೆ ಒಂದೇ ಹಾಳೆಯಾ, ಅಥವಾ ಒಂದು ಕಡ್ಡಿಯಲ್ಲಿ ಹಲವು ಎಲೆಗಳಾಗಿ ಸೀಳಿದೆಯಾ? ಕಾಂಡ ಗಟ್ಟಿ ಕಟ್ಟಿಗೆಯಾ, ಎಳಸಾ? ಹಣ್ಣು ಒಂಟಿಯಾ, ಗೊಂಚಲಾ? ತೊಟ್ಟು ಮೇಲಕ್ಕೆ ನಿಂತಿದೆಯಾ, ಕೆಳಕ್ಕೆ ತೂಗುತ್ತಿದೆಯಾ? ಹೂವಿನ ಬಣ್ಣ ಏನು? ಎಲೆ ಉಜ್ಜಿದರೆ ವಾಸನೆ ಬರುತ್ತದಾ?

ಟೊಮೆಟೊ ಆಗಿದ್ದರೆ ಎಲೆ ಸೀಳಿರುತ್ತದೆ, ಮೈಯೆಲ್ಲ ನವಿರು ಕೂದಲು, ಉಜ್ಜಿದರೆ ಕೈಗೆ ಹತ್ತುವ ಆ ಘಾಟು ವಾಸನೆ, ಹಳದಿ ಹೂವು. ಜೆರುಸಲೆಮ್ ಚೆರ್ರಿಯ ಎಲೆ ಒಂದೇ ಹಾಳೆ, ಉದ್ದಕ್ಕೆ, ಅಂಚು ಸ್ವಲ್ಪ ಅಲೆಅಲೆ. ಹೂವು ಬಿಳಿ. ಹಣ್ಣು ಹೆಚ್ಚಾಗಿ ಒಂಟಿಯಾಗಿ ಗಿಡ್ಡ ತೊಟ್ಟಿನ ಮೇಲೆ ನಿಂತಿರುತ್ತದೆ.

ಬಿಸಿಲುಮಹಡಿ

ಅಂದಕ್ಕೆ ಬೆಳೆಸುವ ದುಂಡು ಮೆಣಸಿನಕಾಯಿ ಕೂಡ ಹೀಗೇ ಇರುತ್ತದೆ ಸರ್. ಬಿಳಿ ಹೂವು, ಒಂದೇ ಹಾಳೆಯ ಎಲೆ, ಮೇಲಕ್ಕೆ ನಿಂತ ಕೆಂಪು ಕಾಯಿ. ನಿಮ್ಮ ಪಟ್ಟಿಯಲ್ಲಿ ಎರಡೂ ಪಾಸ್ ಆಗುತ್ತವೆ, ಅಲ್ವಾ?

ತೊಟ್ಟುನೋಡಿ

ಒಳ್ಳೆಯ ಪ್ರಶ್ನೆ. ಅದಕ್ಕೆ ಚಾಕು ಬೇಕು. ಒಂದು ಕಾಯಿ ಅಡ್ಡ ಕೊಯ್ಯಿರಿ. ಮೆಣಸಿನಕಾಯಿ ಒಳಗೆ ಟೊಳ್ಳು, ಬೀಜ ನಡುವಿನ ತಿರುಳಿಗೆ ಅಂಟಿಕೊಂಡಿರುತ್ತದೆ. ಜೆರುಸಲೆಮ್ ಚೆರ್ರಿಯಲ್ಲಿ ಟೊಳ್ಳು ಇಲ್ಲ, ತಿರುಳಿನ ತುಂಬಾ ಚಪ್ಪಟೆ ಬೀಜ. ಕೊಯ್ದ ಮೇಲೆ ಕೈ, ಚಾಕು ತೊಳೆಯಿರಿ. ರುಚಿ ನೋಡಿ ಪರೀಕ್ಷೆ ಮಾಡುವುದು ಮಾತ್ರ ಬೇಡ.

ಸಸ್ಯಪಾಠ

ಎಲೆ ಸೀಳಿದ್ದರೆ ಟೊಮೆಟೊ ಅಂತ ಯಾರೂ ನೆಮ್ಮದಿಯಾಗಿ ಕೂರಬೇಡಿ. ಆಲೂಗಡ್ಡೆ ಗಿಡದ ಎಲೆಯೂ ಹಾಗೇ ಇರುತ್ತದೆ. ಹೂ ಬಿಟ್ಟ ಮೇಲೆ ಕೆಲವು ಆಲೂ ಗಿಡಗಳಲ್ಲಿ ಹಸಿರು ದುಂಡು ಕಾಯಿಗಳು ಬಿಡುತ್ತವೆ. ಎಳೆ ಟೊಮೆಟೊ ಪಕ್ಕದಲ್ಲಿಟ್ಟರೆ ಯಾವುದು ಯಾವುದೆಂದು ಹೇಳುವುದು ಕಷ್ಟ. ಆ ಕಾಯಿಯಲ್ಲಿ ಸೊಲನೈನ್ ಎಂಬ ವಿಷ ಜಾಸ್ತಿ, ತಿನ್ನಬಾರದು. ಬೇಯಿಸಿದರೂ ಸೊಲನೈನ್ ಹೋಗುವುದಿಲ್ಲ. ಇಲ್ಲಿ ಹೂವು ನೋಡಬೇಕು: ಟೊಮೆಟೊದ್ದು ಹಳದಿ, ಆಲೂದು ಬಿಳಿ ಅಥವಾ ನೇರಳೆ.

ತರಕಾರಿ ಪಾತಿಯಲ್ಲಿ ಬೆಳೆದದ್ದೆಲ್ಲ ತಿನ್ನುವಂಥದ್ದು ಎಂಬ ನಂಬಿಕೆ ಇದೆಯಲ್ಲ, ಅದು ಅಂದದ ಗಿಡಕ್ಕಿಂತ ಜಾಸ್ತಿ ಅಪಾಯ. ಆಸ್ಪರಾಗಸ್‌ನ ಎಳೆ ಚಿಗುರು ತಿನ್ನುತ್ತಾರೆ, ಅದೇ ಗಿಡದ ಕೆಂಪು ಹಣ್ಣು ತಿಂದರೆ ಹೊಟ್ಟೆ ಕೆಡುತ್ತದೆ. ಮನೆಯೊಳಗೆ ತೂಗುಹಾಕುವ ಆಸ್ಪರಾಗಸ್ ಫರ್ನ್‌ನ ಕೆಂಪು ಮಣಿಗಳೂ ಹಾಗೇ. ಆದ್ದರಿಂದ ‘ಈ ಗಿಡ ತಿನ್ನಬಹುದಾ’ ಅಂತ ಕೇಳಿದರೆ ಸಾಲದು. ಯಾವ ಭಾಗ, ಕಾಯೋ ಹಣ್ಣೋ, ಹಸಿಯೋ ಬೇಯಿಸಿಯೋ, ಇಷ್ಟೂ ಕೇಳಬೇಕು. 1983ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಗುಂಪು ಎಲ್ಡರ್‌ಬೆರಿ ರಸ ಕುಡಿದು ಕಾಯಿಲೆ ಬಿದ್ದಿತ್ತು. ಗಿಡ ಗುರುತಿಸುವುದರಲ್ಲಿ ತಪ್ಪಾಗಿರಲಿಲ್ಲ. ಹಣ್ಣಿನ ಜೊತೆ ಎಲೆ, ಕಡ್ಡಿಯನ್ನೂ ಹಾಕಿ ಅರೆದು, ಹಸಿಯಾಗಿಯೇ ಕುಡಿದಿದ್ದರು.

ಅಂಗಳದಮಲ್ಲಿ

ಅಯ್ಯೋ, ಆಲೂಗೂ ಹಣ್ಣು ಬಿಡುತ್ತದೆ ಅಂತಲೇ ಗೊತ್ತಿರಲಿಲ್ಲ! ಕೆಂಪು ಹಣ್ಣಿನದು ನಾಳೆ ಬೆಳಕಿನಲ್ಲಿ ನೋಡಿ ಹೇಳುತ್ತೇನೆ. ಕಪ್ಪು ಹಣ್ಣಿನದು ಗಣಿಕೆ ಇರಬಹುದು ಅಂತ ಅತ್ತೆ ಹೇಳುತ್ತಿದ್ದಾರೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ‘ನೈಟ್‌ಶೇಡ್, ಮಾರಕ ವಿಷ’ ಅಂತ ಬರುತ್ತದೆ. ಯಾರನ್ನು ನಂಬಲಿ?

ಸಸ್ಯಪಾಠ

ಅತ್ತೆಯವರ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೈಟ್‌ಶೇಡ್ ಅನ್ನುವುದು ಒಂದು ಗಿಡದ ಹೆಸರಲ್ಲ, ಇಡೀ ಬಳಗಕ್ಕೆ ಅಂಟಿದ ಹೆಸರು. ಗಣಿಕೆ ಅಂದರೆ ಸೊಲಾನಮ್ ನೈಗ್ರಮ್ ಮತ್ತು ಅದರ ಹತ್ತಿರದ ಸಂಬಂಧಿಗಳು. ‘ಮಾರಕ’ ಅಂತ ಬರುವುದು ಬೆಲ್ಲಡೋನ, ಅಟ್ರೋಪ ಬೆಲ್ಲಡೋನ. ಅದು ಯುರೋಪ್, ಪಶ್ಚಿಮ ಏಷ್ಯಾ ಕಡೆಯ ಗಿಡ. ತಂಪು ಹವೆ ಬೇಕು. ಎಲ್ಲ ಕುಂಡದಲ್ಲೂ ಸುಮ್ನೆ ಹುಟ್ಟುವುದಲ್ಲ. ಆದರೂ ವ್ಯತ್ಯಾಸ ಗೊತ್ತಿರಲಿ.

ಗಣಿಕೆಯ ಹಣ್ಣು ಬಟಾಣಿಗಿಂತ ದೊಡ್ಡದಾಗುವುದು ಕಡಿಮೆ. ಒಂದು ತೊಟ್ಟಿನ ತುದಿಯಿಂದ ಹಲವು ಹಣ್ಣುಗಳು ಕೊಡೆಯ ಕಡ್ಡಿಗಳ ಹಾಗೆ ಹರಡಿ ತೂಗುತ್ತವೆ. ಹೂವು ಪುಟ್ಟ ಬಿಳಿ ನಕ್ಷತ್ರ, ನಡುವೆ ಹಳದಿ ಮೂತಿ. ಹಣ್ಣಿನ ಹಿಂದಿನ ಹಸಿರು ಪುಷ್ಪಪಾತ್ರೆ ಚಿಕ್ಕದು.

ಬೆಲ್ಲಡೋನದಲ್ಲಿ ಹಣ್ಣು ಒಂಟಿ, ಎಲೆಯ ಬುಡದಲ್ಲಿ. ಒಂದು ಸೆಂಟಿಮೀಟರಿಗಿಂತ ದೊಡ್ಡದು, ಎಣ್ಣೆ ಸವರಿದಂಥ ಹೊಳಪು. ಹಿಂದೆ ಐದು ಅಗಲವಾದ ಹಸಿರು ಎಸಳುಗಳು ಹಣ್ಣಿನಾಚೆಗೂ ಚಾಚಿರುತ್ತವೆ. ಹೂವು ಗಂಟೆಯಾಕಾರದ್ದು, ಮಂಕು ನೇರಳೆ. ಹೂವೊಂದನ್ನು ನೋಡಿದರೂ ಸಾಕು, ಎರಡನ್ನೂ ಬೆರೆಸಿಕೊಳ್ಳಲು ಸಾಧ್ಯವೇ ಇಲ್ಲ. ಅದರ ಹಣ್ಣು ಸ್ವಲ್ಪ ಸಿಹಿಯಂತೆ. ಮಕ್ಕಳು ಉಗುಳದೆ ನುಂಗುವುದು ಅದಕ್ಕೇ. ಅಟ್ರೋಪಿನ್ ಎಂಬ ವಿಷ ಇರುವುದರಿಂದ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಎದೆ ಜೋರಾಗಿ ಬಡಿಯುತ್ತದೆ, ಆಮೇಲೆ ಭ್ರಮೆ ಶುರುವಾಗುತ್ತದೆ. ಕಣ್ಣಿನ ವೈದ್ಯರು ಪಾಪೆ ಹಿಗ್ಗಿಸಲು ಹಾಕುವ ಹನಿಗಳಲ್ಲಿ ಅಟ್ರೋಪಿನ್ ಕೂಡ ಒಂದು.

ಹಳೇಹಿತ್ತಲು

ಗಣಿಕೆಗೆ ಇಷ್ಟೆಲ್ಲ ಯಾಕೆ? ನಾವು ಚಿಕ್ಕವರಿದ್ದಾಗ ಕಿತ್ತು ಕಿತ್ತು ತಿಂದಿದ್ದೇವೆ. ಲಂಟಾನದ ಕಪ್ಪು ಹಣ್ಣನ್ನೂ ಬಿಟ್ಟಿಲ್ಲ. ಯಾರಿಗೂ ಏನೂ ಆಗಲಿಲ್ಲ. ಈಗಿನವರಿಗೆ ಗಿಡ ಕಂಡರೇ ಭಯ.

ಸಸ್ಯಪಾಠ

ಅಣ್ಣ, ನೀವು ತಿಂದದ್ದು ಕಪ್ಪಗೆ ಪೂರ್ತಿ ಹಣ್ಣಾದದ್ದು. ನಿಮಗೆ ತೋರಿಸಿಕೊಟ್ಟವರು ಯಾರೋ ಇದ್ದರು. ಎರಡು ವರ್ಷದ ಮಗು ಹಸಿರು ಯಾವುದು, ಕಪ್ಪು ಯಾವುದು ಅಂತ ನೋಡುವುದಿಲ್ಲ. ಗಣಿಕೆಯ ಹಸಿರು ಕಾಯಿಯಲ್ಲಿ ಸೊಲನೈನ್ ಇರುತ್ತದೆ.

ಈ ಜಗಳ ಹೊಸದೂ ಅಲ್ಲ. ಅಮೆರಿಕದ ಪ್ರಸಿದ್ಧ ತಳಿಗಾರ ಲೂಥರ್ ಬರ್ಬ್ಯಾಂಕ್ ಇದೇ ಬಳಗದ ಒಂದು ಗಿಡ ಬೆಳೆಸಿದ. 1909ರಲ್ಲಿ ಅದು ‘ವಂಡರ್‌ಬೆರಿ’ ಅನ್ನುವ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಇದು ಹೊಸ ತಳಿಯಲ್ಲ, ಮಾಮೂಲಿ ಗಣಿಕೆಯೇ, ವಿಷ ಅಂತ ಪತ್ರಿಕೆಗಳಲ್ಲಿ ದೊಡ್ಡ ಗಲಾಟೆ ಆಯಿತು. ಹೆಸರು ಕೇಳಿ ಹೆದರಿದವರು ಒಂದು ಕಡೆ, ಜಾಹೀರಾತು ನೋಡಿ ಹಿಗ್ಗಿದವರು ಇನ್ನೊಂದು ಕಡೆ.

ಲಂಟಾನದ ವಿಷಯದಲ್ಲಿ ನಿಮ್ಮ ಮಾತಿಗೆ ಅರ್ಧ ಬೆಂಬಲ ಇದೆ. ಹಸಿರು ಕಾಯಿ ತಿಂದ ಮಕ್ಕಳು ಗಂಭೀರವಾಗಿ ಕಾಯಿಲೆ ಬಿದ್ದರು ಅಂತ 1964ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ್ದರು. ಅಲ್ಲಿಂದ ಎಲ್ಲ ಪಟ್ಟಿಗಳಲ್ಲೂ ಅದು ವಿಷದ ಗಿಡವಾಯಿತು. 2010ರಲ್ಲಿ, ವಿಷ ಮಾಹಿತಿ ಕೇಂದ್ರಕ್ಕೆ ಬಂದ ಕರೆಗಳನ್ನು ನೋಡಿದ ಇನ್ನೊಂದು ಅಧ್ಯಯನ ಬಂತು. ಅದರಲ್ಲಿ ಹೆಚ್ಚಿನ ಮಕ್ಕಳಿಗೆ ಏನೂ ಆಗಿರಲಿಲ್ಲ. ದನಕರುಗಳ ಮಾತು ಬೇರೆ. ಲಂಟಾನ ಮೇಯ್ದರೆ ಪಿತ್ತಜನಕಾಂಗ ಕೆಡುತ್ತದೆ, ಬಿಸಿಲು ತಾಗಿದ ಕಡೆ ಚರ್ಮ ಸುಲಿಯುತ್ತದೆ.

ಹಳೇಹಿತ್ತಲು

ಸರಿ, ತೋರಿಸಿಕೊಟ್ಟವರು ಇದ್ದರು ಅನ್ನುವುದು ನಿಜ. ಅಕ್ಕ ಹೇಳಿದ್ದನ್ನೇ ಕೀಳುತ್ತಿದ್ದೆವು. ಒಪ್ಪಿದೆ.

ಬಳ್ಳಿಮನೆ

ಲಂಟಾನ ಮತ್ತು ಬ್ಲ್ಯಾಕ್‌ಬೆರಿ, ಹಿಪ್ಪುನೇರಳೆ ಇವುಗಳನ್ನು ದೂರದಿಂದ ನೋಡಿದರೆ ಗೊಂದಲ ಆಗುತ್ತದೆ. ಕಪ್ಪು ಮಣಿಗಳ ಗುಚ್ಛ ಅಷ್ಟೇ ಕಾಣುತ್ತದೆ. ಹತ್ತಿರ ಹೋದರೆ ಸುಲಭ. ಬ್ಲ್ಯಾಕ್‌ಬೆರಿ, ಹಿಪ್ಪುನೇರಳೆಯಲ್ಲಿ ಮಣಿಗಳು ಒಂದಕ್ಕೊಂದು ಅಂಟಿ ಇಡೀ ಹಣ್ಣು ಒಟ್ಟಿಗೇ ಕಳಚಿ ಬರುತ್ತದೆ. ಲಂಟಾನದಲ್ಲಿ ಒಂದೊಂದು ಮಣಿಯೂ ಬೇರೆ ಹಣ್ಣು, ಒಂದೊಂದೇ ಕಿತ್ತು ಬರುತ್ತದೆ, ಒಳಗೆ ಗಟ್ಟಿ ಬೀಜ. ಕಾಂಡ ಮುಟ್ಟಿದರೆ ಚೌಕ, ಎಲೆ ಜೋಡಿ ಜೋಡಿ, ಒರಟು, ಉಜ್ಜಿದರೆ ಮೂಗಿಗೆ ಹೊಡೆಯುವ ವಾಸನೆ. ಹಿಪ್ಪುನೇರಳೆಯ ಎಲೆ ಒಂದು ಬಿಟ್ಟು ಒಂದು, ಮುರಿದರೆ ಹಾಲು.

ಬಿಸಿಲುಮಹಡಿ

ಹಾಲು ಬರುವ ಗಿಡದ ಹಣ್ಣು ತಿನ್ನಬಾರದು ಅಂತ ಹೇಳುತ್ತಾರಲ್ಲ? ಮತ್ತೆ ಹಕ್ಕಿ ತಿಂದರೆ ನಾವೂ ತಿನ್ನಬಹುದು ಅಂತಲೂ ಕೇಳಿದ್ದೇನೆ.

ತೊಟ್ಟುನೋಡಿ

ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ‘ಹಾಲಿದ್ದರೆ ಬೇಡ’ ಅನ್ನುವುದು ಪೂರ್ತಿ ನಿಜವಲ್ಲ. ಅಂಜೂರ, ಸಪೋಟ, ಕವಳಿ, ಹಿಪ್ಪುನೇರಳೆ ಎಲ್ಲದರಲ್ಲೂ ಹಾಲಿದೆ. ಆದರೆ ಆ ನಿಯಮ ತಪ್ಪಾದರೆ ನಿಮಗೆ ನಷ್ಟ ಏನು? ಒಂದು ಹಣ್ಣು ತಿನ್ನಲಿಲ್ಲ, ಅಷ್ಟೇ. ‘ಬಿಳಿ ಹಣ್ಣು ಮುಟ್ಟಬೇಡ’ ಅನ್ನುವುದೂ ಹಾಗೇ. ಬಿಳಿ ಹಿಪ್ಪುನೇರಳೆ ತಪ್ಪಿಹೋಗಬಹುದು, ರಾತ್ರಿರಾಣಿಯ ವಿಷದ ಬಿಳಿ ಹಣ್ಣಿನಿಂದ ಮಗು ಉಳಿಯುತ್ತದೆ.

‘ಹಕ್ಕಿ ತಿಂದರೆ ತಿನ್ನಬಹುದು’ ಅನ್ನುವುದು ಉಲ್ಟಾ. ಅದು ತಪ್ಪಾದರೆ ಆಸ್ಪತ್ರೆ. ಹಕ್ಕಿಗಳು ಬೆಲ್ಲಡೋನ ತಿನ್ನುತ್ತವೆ. ಯೂ ಮರದ ಕೆಂಪು ಹಣ್ಣು ತಿನ್ನುತ್ತವೆ. ಯೂ ಹಣ್ಣಿನ ಕೆಂಪು ತಿರುಳಿನಲ್ಲಿ ವಿಷ ಇಲ್ಲ, ಒಳಗಿನ ಬೀಜದಲ್ಲಿ ಟ್ಯಾಕ್ಸಿನ್ ಇದೆ. ಹಕ್ಕಿ ಬೀಜವನ್ನು ಅಗಿಯದೆ ನುಂಗಿ ಹಾಗೇ ಹೊರಹಾಕುತ್ತದೆ. ನಾವು ಅಗಿಯುತ್ತೇವೆ. ಗುಲಗಂಜಿಯಲ್ಲೂ ಇದೇ ಕತೆ. ಸಿಪ್ಪೆ ಗಟ್ಟಿಯಿರುವ ಬೀಜ ಇಡಿಯಾಗಿ ಹೊಟ್ಟೆಗೆ ಹೋದರೆ ಎಷ್ಟೋ ಸಲ ಹಾಗೇ ಹೊರಬರುತ್ತದೆ. ಅಗಿದರೆ ಅಥವಾ ಸರ ಪೋಣಿಸಲು ತೂತು ಮಾಡಿದ್ದನ್ನು ನುಂಗಿದರೆ ಅಬ್ರಿನ್ ಎಂಬ ವಿಷ ಹೊರಬರುತ್ತದೆ. ಹಾಗಂತ ಇಡಿಯಾಗಿ ನುಂಗಿದ ಮಗುವನ್ನು ಮನೆಯಲ್ಲೇ ಇಟ್ಟುಕೊಂಡು ಕಾಯುವುದಲ್ಲ.

ಇನ್ನು ಹಕ್ಕಿಗಳಿಗೂ ಯಾವಾಗಲೂ ಪಾರಾಗುವ ವರ ಏನಿಲ್ಲ. 2009ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಸೀಡರ್ ವ್ಯಾಕ್ಸ್‌ವಿಂಗ್ ಎಂಬ ಹಕ್ಕಿಗಳು ಗುಂಪಾಗಿ ಸತ್ತು ಬಿದ್ದಿದ್ದವು. ಹೊಟ್ಟೆಯ ತುಂಬಾ ನಂದಿನಾ ಎಂಬ ಅಲಂಕಾರದ ಗಿಡದ ಕೆಂಪು ಹಣ್ಣು. ಅದರಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇದೆ.

ನನ್ನ ಲೆಕ್ಕ ಇಷ್ಟೇ: ಬೇಡ ಅನ್ನುವ ನಿಯಮಗಳನ್ನು ಇಟ್ಟುಕೊಳ್ಳಿ, ತಿನ್ನು ಅನ್ನುವ ನಿಯಮಗಳನ್ನು ಬಿಸಾಡಿ. ತಿನ್ನಬೇಕಾದರೆ ಗಿಡದ ಹೆಸರೇ ಗೊತ್ತಿರಬೇಕು.

ಬಳ್ಳಿಮನೆ

ರಾತ್ರಿರಾಣಿ ಅಂದಿದ್ದಕ್ಕೆ ಒಂದು ಸೇರಿಸುತ್ತೇನೆ. ಅದರ ಸಂಬಂಧಿ ‘ದಿನದ ರಾಜ’ ಅಂತ ಒಂದಿದೆ, ಸೆಸ್ಟ್ರಮ್ ಡಯರ್ನಮ್. ಹಗಲು ಘಮಘಮ, ಹಣ್ಣು ಕಪ್ಪಗೆ ಹೊಳೆಯುತ್ತದೆ. ಆ ಗಿಡದಲ್ಲಿ ವಿಟಮಿನ್ ಡಿ ಥರ ಕೆಲಸ ಮಾಡುವ ವಸ್ತು ಇದೆ. ಮೇಯ್ದ ದನಗಳ ರಕ್ತನಾಳಗಳಲ್ಲಿ ಸುಣ್ಣದ ಅಂಶ ಕಟ್ಟುತ್ತದೆ.

ಬೇಲಿಗೆ ಹಾಕುವ ಡುರಾಂಟಾ ಕೂಡ ನೋಡಿಕೊಳ್ಳಿ. ಇಳಿಬಿದ್ದ ಗೊಂಚಲಿನಲ್ಲಿ ಹಳದಿ ಮಣಿಗಳು. ಒಂದೊಂದರ ತುದಿಯಲ್ಲೂ ಚಿಕ್ಕ ಕೊಕ್ಕು ಇರುತ್ತದೆ, ಅದೇ ಗುರುತು. ಮಕ್ಕಳು, ನಾಯಿ, ಬೆಕ್ಕು ತಿಂದು ವಾಂತಿ, ಮಂಪರು ಬಂದದ್ದಿದೆ.

ಮಣ್ಣುಕೈ

ನಾನು ಬ್ಲೂಬೆರಿ ಬೆಳೆಸುತ್ತೇನೆ. ಅದಕ್ಕೆ ಒಳ್ಳೆಯ ಗುರುತೊಂದಿದೆ. ತೊಟ್ಟಿನ ಎದುರು ತುದಿಯಲ್ಲಿ ಐದು ಮೂಲೆಯ ಪುಟ್ಟ ಕಿರೀಟ. ಬೇಲಿಗೆ ಹಾಕುವ ಪ್ರಿವೆಟ್‌ನ ನೀಲಿಗಪ್ಪು ಹಣ್ಣಿನಲ್ಲಿ ಆ ಕಿರೀಟ ಇಲ್ಲ, ಅದು ವಿಷ. ಗೋಡೆಗೆ ಹಬ್ಬಿಸುವ ವರ್ಜೀನಿಯಾ ಕ್ರೀಪರ್‌ನ ಹಣ್ಣೂ ಅದೇ ಬಣ್ಣ, ತೊಟ್ಟು ಕೆಂಪು. ತಿಂದರೆ ಬಾಯಿ ಗಂಟಲು ಉರಿಯುತ್ತದೆ. ಆದರೆ ಕಿರೀಟ ಇದ್ದದ್ದೆಲ್ಲ ಬ್ಲೂಬೆರಿ ಅಲ್ಲ ಅಂತಲೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ತೊಟ್ಟುನೋಡಿಯವರು ಬೈಯುತ್ತಾರೆ.

ಬುಡ್ಡೆ ಹಣ್ಣು ಬೆಳೆಸುವವರು ಇದ್ದೀರಾ? ಕಾಗದದಂಥ ಸಿಪ್ಪೆಯೊಳಗೆ ಹಣ್ಣು ಇದ್ದರೆ ಧೈರ್ಯವಾಗಿ ತಿನ್ನಬಹುದಾ?

ಸಸ್ಯಪಾಠ

ಬರೀ ಸಿಪ್ಪೆ ನೋಡಿ ಬೇಡ. ನಿಕ್ಯಾಂಡ್ರ ಅಂತ ತಿಳಿನೀಲಿ ಹೂವಿನ ಅಲಂಕಾರದ ಗಿಡವಿದೆ. ಅದಕ್ಕೂ ಸಿಪ್ಪೆಯ ಬುಡ್ಡಿ ಇದೆ, ಆದರೆ ಮೂಲೆಗಳು ಚೂಪಾಗಿ ರೆಕ್ಕೆಯಂತೆ ಎದ್ದಿರುತ್ತವೆ, ಒಳಗಿನ ಹಣ್ಣು ರಸವಿಲ್ಲದೆ ಒಣಗಿ ಕಂದು ಬಣ್ಣ. ತಿನ್ನಬಾರದು. ಬುಡ್ಡೆ ಹಣ್ಣಿನ ಹೂವು ಹಳದಿ, ಒಳಗೆ ಕಪ್ಪು ಮಚ್ಚೆ, ಸಿಪ್ಪೆ ಒಣಗಿದಾಗ ತಿಳಿ ಹುಲ್ಲಿನ ಬಣ್ಣ. ಅದರಲ್ಲೂ ಹಸಿರು ಕಾಯಿ ಬೇಡ. ಹಣ್ಣಾಗಿ ತಾನಾಗಿ ಉದುರುವವರೆಗೆ ಕಾಯುವುದು ಒಳ್ಳೆಯದು.

ಸ್ಟ್ರಾಬೆರಿಗೂ ಒಂದು ನಕಲಿ ಇದೆ, ಪೊಟೆಂಟಿಲ್ಲ ಇಂಡಿಕ. ಹಳದಿ ಹೂವು, ಮೇಲಕ್ಕೆ ಮುಖ ಮಾಡಿದ ಸಣ್ಣ ಹಣ್ಣು. ಅದರಲ್ಲಿ ವಿಷ ಇಲ್ಲ. ರುಚಿಯೂ ಇಲ್ಲ! ಸ್ಟ್ರಾಬೆರಿಯ ಹೂವು ಹೆಚ್ಚಾಗಿ ಬಿಳಿ.

ಶುಶ್ರೂಷೆ

ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು ನಾನು. ಗುರುತಿನ ಮಾತು ಬಹಳ ಆಯಿತು, ಮಗು ತಿಂದೇಬಿಟ್ಟರೆ ಏನು ಅಂತ ಯಾರೂ ಬರೆದಿಲ್ಲ.

ಬಾಯಲ್ಲಿ ಉಳಿದಿದ್ದನ್ನು ಬೆರಳಲ್ಲಿ ಮೆಲ್ಲಗೆ ತೆಗೆಯಿರಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ವಾಂತಿ ಮಾಡಿಸಬೇಡಿ. ಉಪ್ಪು ನೀರು ಕುಡಿಸುವುದಂತೂ ಬೇಡವೇ ಬೇಡ. ಅದರಿಂದಲೇ ರಕ್ತದಲ್ಲಿ ಉಪ್ಪು ಏರಿ ಜೀವಕ್ಕೆ ಕುತ್ತು ಬರಬಹುದು. ಹಾಲು, ಎಣ್ಣೆ, ನಿಂಬೆರಸ ಕೊಟ್ಟು ಹೊತ್ತು ಕಳೆಯಬೇಡಿ. ಲಕ್ಷಣ ಕಾಣಲಿ ಅಂತ ಕಾಯದೆ ವಿಷ ಮಾಹಿತಿ ಕೇಂದ್ರಕ್ಕೋ ವೈದ್ಯರಿಗೋ ಕರೆ ಮಾಡಿ. ಸೊಲನೈನ್‌ನಂಥ ವಿಷದ ಲಕ್ಷಣ ಕೆಲವು ಗಂಟೆ ಬಿಟ್ಟು ಬರುತ್ತದೆ. ಉಸಿರು ಕಷ್ಟ, ಫಿಟ್ಸ್, ಎಚ್ಚರ ತಪ್ಪುವುದು, ಇದರಲ್ಲಿ ಯಾವುದಾದರೂ ಇದ್ದರೆ ಫೋನಿನಲ್ಲಿ ಮಾತಾಡುತ್ತಾ ಕೂರಬೇಡಿ, ನೇರ ತುರ್ತು ಚಿಕಿತ್ಸೆಗೆ ಹೋಗಿ.

ಬರುವಾಗ ಎಲೆ, ಹೂವು, ಹಣ್ಣು ಮೂರೂ ಇರುವ ಒಂದು ಕೊಂಬೆ ತನ್ನಿ. ಜನ ಒಂದೇ ಒಂದು ಜಜ್ಜಿದ ಹಣ್ಣು ತಂದು ಇದು ಏನು ಅಂತ ಕೇಳುತ್ತಾರೆ. ಅದರಿಂದ ಹೇಳುವುದು ಕಷ್ಟ. ಎಷ್ಟು ಹೊತ್ತಿಗೆ ತಿಂದಿತು, ಸುಮಾರು ಎಷ್ಟು, ಮಗುವಿನ ತೂಕ ಎಷ್ಟು, ಇಷ್ಟು ಗೊತ್ತಿದ್ದರೆ ನಮಗೆ ಅರ್ಧ ಕೆಲಸ ಮುಗಿದ ಹಾಗೆ.

ಬಿಸಿಲುಮಹಡಿ

ಆ್ಯಪ್ ವಿಷಯದಲ್ಲೂ ಇದೇ ಅಲ್ವಾ ಮೇಡಂ. ಹಣ್ಣು ಮಾತ್ರ ತೋರಿಸಿದರೆ ಅದೂ ಊಹೆ ಮಾಡುತ್ತದೆ. ಎಲೆ ಕಾಂಡಕ್ಕೆ ಸೇರುವ ಜಾಗ, ಹೂವು, ತೊಟ್ಟಿನ ಹಿಂಭಾಗ, ಕೊಯ್ದ ಹಣ್ಣು, ಇಡೀ ಗಿಡ, ಎಲ್ಲ ಬೇರೆ ಬೇರೆ ಫೋಟೊ ತೆಗೆಯಬೇಕು. ಆಮೇಲೂ ಅದು ಕೊಟ್ಟ ಹೆಸರನ್ನು ಹುಡುಕಾಟದ ಶುರು ಅಂತ ತಿಳಿಯಬೇಕು, ತಿನ್ನಲು ಅನುಮತಿ ಅಂತಲ್ಲ.

ಅಂಗಳದಮಲ್ಲಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಳಿಗ್ಗೆ ನೋಡಿದೆ. ಕೆಂಪು ಹಣ್ಣಿನ ಗಿಡ: ಎಲೆ ಒಂದೇ ಹಾಳೆ, ಉದ್ದ, ಅಂಚು ಅಲೆ. ಕಾಂಡದ ಬುಡ ಕಟ್ಟಿಗೆ. ಟೊಮೆಟೊ ವಾಸನೆ ಇಲ್ಲವೇ ಇಲ್ಲ. ಹೂವು ಬಿಳಿ. ಹಣ್ಣು ಒಂದೊಂದೇ, ತೊಟ್ಟು ಗಿಡ್ಡ. ಕೊಯ್ದು ನೋಡಿದೆ, ಟೊಳ್ಳಿಲ್ಲ, ಚಪ್ಪಟೆ ಬೀಜ. ಐದು ಫೋಟೊ ಹಾಕಿದ್ದೇನೆ.

ಕಪ್ಪು ಹಣ್ಣಿನದರಲ್ಲಿ ಬಿಳಿ ನಕ್ಷತ್ರದ ಹೂವು, ಗೊಂಚಲು ಒಂದೇ ಕಡೆಯಿಂದ ಹರಡಿದೆ.

ತೊಟ್ಟುನೋಡಿ

ಫೋಟೊ ಚೆನ್ನಾಗಿವೆ. ಮೊದಲನೆಯದು ಜೆರುಸಲೆಮ್ ಚೆರ್ರಿಯೇ. ಮಗು ದೊಡ್ಡದಾಗುವವರೆಗೆ ಆ ಗಿಡ ಮನೆಯಲ್ಲಿ ಬೇಡ. ನಾಯಿ, ಬೆಕ್ಕು ಇದ್ದರೂ ಬೇಡ. ಯಾರಿಗಾದರೂ ಕೊಡುವುದಾದರೆ ಆ ‘ಚೆರ್ರಿ’ ಚೀಟಿ ಕಿತ್ತು ‘ತಿನ್ನಬಾರದು’ ಅಂತ ಬರೆದೇ ಕೊಡಿ.

ಸಸ್ಯಪಾಠ

ಎರಡನೆಯದು ಗಣಿಕೆ ಬಳಗದ್ದು, ಬೆಲ್ಲಡೋನ ಅಲ್ಲ. ಅತ್ತೆಯವರು ಗೆದ್ದರು. ಆದರೂ ಮಗುವಿನ ಕೈಗೆ ಸಿಗುವ ಎತ್ತರದಲ್ಲಿ ಹಸಿರು ಕಾಯಿ ಇರುವವರೆಗೆ ಗಿಡ ಬೇಲಿಯಾಚೆ ಇರಲಿ.

ಅಂಗಳದಮಲ್ಲಿ

ಅತ್ತೆಗೆ ಓದಿ ಹೇಳಿದೆ, ಬಹಳ ಖುಷಿ! ಕೊನೆಯ ಪ್ರಶ್ನೆ. ಕಿತ್ತ ಕೆಂಪು ಹಣ್ಣುಗಳನ್ನು ಗೊಬ್ಬರದ ಗುಂಡಿಗೆ ಹಾಕಬಹುದಾ? ಗೊಬ್ಬರದಲ್ಲಿ ವಿಷ ಉಳಿಯುತ್ತದಾ?

ಮಣ್ಣುಕೈ

ಚೆನ್ನಾಗಿ ಕೊಳೆತ ಮೇಲೆ ವಿಷದ ಚಿಂತೆ ಇಲ್ಲ. ಬೀಜದ ಚಿಂತೆ ಇದೆ. ಮನೆಯ ಗೊಬ್ಬರದ ಗುಂಡಿಯ ಬಿಸಿಗೆ ಎಲ್ಲ ಬೀಜ ಸಾಯುವುದಿಲ್ಲ. ಮುಂದಿನ ಸಲ ಟೊಮೆಟೊ ಪಾತಿಗೆ ಆ ಗೊಬ್ಬರ ಹಾಕಿದರೆ ಟೊಮೆಟೊ ಸಸಿಗಳ ನಡುವೆ ಇದೇ ಹುಟ್ಟಿಕೊಂಡು ಬರುತ್ತದೆ. ಎಲೆ, ಕಾಂಡ ಗುಂಡಿಗೆ ಹಾಕಿ. ಹಣ್ಣನ್ನು ಮಾತ್ರ ಕವರಿನಲ್ಲಿ ಕಟ್ಟಿ ಕಸಕ್ಕೆ ಕೊಡಿ. ಕುಂಡದ ಸುತ್ತ ಉದುರಿದ್ದನ್ನೂ ಆರಿಸಿ, ಮಗು ಮೊದಲು ಹುಡುಕುವುದು ನೆಲದ ಮೇಲೆ ಬಿದ್ದದ್ದನ್ನೇ.